ನೇರ ನಡೆಯುವ ಯಂತ್ರದ ಬಂಡಿ

ಹತ್ತಿಗೆ ಔಷಧಿ ಹೊಡೆಯುವ ಕಷ್ಟವನ್ನು ಆದವಾನಿ ಸೀಮೆಯ ರೈತ ಬಾಂಧವರಿಗೆ ಹೇಳಬೇಕಾದ್ದಿಲ್ಲ. ಒಮ್ಮೆ ಗಾಳಿ ತಿರುಗಿ ತುಂತುರು ನನ್ನ ಮುಖಕ್ಕೇ ಬಡಿದು, ಎರಡು ದಿನ ಕಣ್ಣು ಬಿಡಲಾಗಲಿಲ್ಲ. ನಾವು ಬದುವಿನ ಮೇಲೆ ನಿಂತು, ಬಂಡಿಯೊಂದೇ ಸಾಲಿನೊಳಗೆ ಹೋಗುವಂತಿದ್ದರೆ ಎಷ್ಟು ಚೆನ್ನು! ಅದರ ಮೊದಲ ಪಾಠವನ್ನು ಶಾಲೆಯ ಹುಡುಗರೊಡನೆ ಆಟದ ಬಂಡಿಯಲ್ಲಿ ಕಲಿತೆನು.

ಬೇಕಾದ ಸಾಮಾನು: ಹಲ್ಲುಚಕ್ರವಿರುವ ಎರಡು ಸಣ್ಣ ಮೋಟಾರು, 65 ಮಿ.ಮೀ. ಗಾಲಿ ಎರಡು, ಮುಂದಕ್ಕೊಂದು ತಿರುಗುಗಾಲಿ, ಬ್ಯಾಟರಿ, ಮೋಟಾರು ನಡೆಸುವ ಎಲ್298ಎನ್ ಹಲಗೆ, ಬ್ಲೂಟೂತ್ ಇರುವ ಇಎಸ್‌ಪಿ32 ಹಲಗೆ, ಮತ್ತು ಗಾಲಿಯ ಸುತ್ತು ಎಣಿಸುವ 20 ಸೀಳಿನ ಬಿಲ್ಲೆ, ಬೆಳಕಿನ ಕಣ್ಣು ಎರಡೆರಡು.

ಎರಡೂ ಮೋಟಾರಿಗೆ ಸಮನಾದ ವಿದ್ಯುತ್ತು ಕೊಟ್ಟರೂ ಬಂಡಿ ನೇರ ಹೋಗದು. ಜೋಡೆತ್ತಿನಲ್ಲಿ ಒಂದು ಚುರುಕಾದರೆ ಸಾಲು ಸೊಟ್ಟಾಗುವುದಿಲ್ಲವೆ? ಹಾಗೆಯೇ ಇದು. ಬಲಗಾಲಿ ನೂರಕ್ಕೆ ಎರಡರಷ್ಟು ಹೆಚ್ಚು ಉರುಳಿದರೆ, 5 ಮೀಟರಿನಲ್ಲಿ 10 ಸೆಂ.ಮೀ. ಮುಂದಾಗುತ್ತದೆ. ಗಾಲಿಗಳ ನಡುವೆ 13 ಸೆಂ.ಮೀ. ಇದ್ದರೆ, ಬಂಡಿಯ ಮುಖ ಸುಮಾರು 44 ಡಿಗ್ರಿ ಎಡಕ್ಕೆ ತಿರುಗಿ, ಬಂಡಿ ಸುಮಾರು 1.8 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. 90 ಸೆಂ.ಮೀ. ಅಂತರದ ಹತ್ತಿಯಲ್ಲಿ ಎರಡು ಸಾಲು ಹಾಳಾದಂತೆಯೇ!

ಇದಕ್ಕೆ ಉಪಾಯ ಎಣಿಕೆ. ಗಾಲಿಯ ಸುತ್ತಳತೆ 204 ಮಿ.ಮೀ.; ಒಂದು ಸೀಳು ದಾಟಿತೆಂದರೆ ಗಾಲಿ ಸುಮಾರು 1 ಸೆಂ.ಮೀ. ನಡೆದಂತೆ. ಸೆಕೆಂಡಿಗೆ ಹತ್ತು ಸಲ ಎರಡೂ ಕಡೆಯ ಲೆಕ್ಕವನ್ನು ಹೋಲಿಸಿ, ಮುಂದಾದ ಗಾಲಿಗೆ ವಿದ್ಯುತ್ತು ತುಸು ಇಳಿಸಿ, ಹಿಂದಾದುದಕ್ಕೆ ತುಸು ಏರಿಸುವಂತೆ ಹಲಗೆಗೆ ಅಪ್ಪಣೆ ಬರೆಯಬೇಕು. ವ್ಯತ್ಯಾಸ ಹೆಚ್ಚಿದಷ್ಟೂ ತಿದ್ದುಪಡಿ ಹೆಚ್ಚಿರಲಿ. ವೇಗವನ್ನಷ್ಟೇ ಸಮ ಮಾಡಿದರೆ ಸಾಲದು. ಆಗಲೇ ಓರೆಯಾದ ಬಂಡಿ ಓರೆ ದಾರಿಯಲ್ಲಿಯೇ ನೇರ ಹೋದೀತು. ಆದುದರಿಂದ ಮೊದಲಿನಿಂದ ಬಂದ ಒಟ್ಟು ಲೆಕ್ಕವನ್ನೇ ಹೋಲಿಸತಕ್ಕದ್ದು.

ದೂರದಿಂದ ತಿರುಗಿಸಲು ಮೊಬೈಲಿನ ಬ್ಲೂಟೂತ್ ಸಾಕು. ಎಡಕ್ಕೆ ಬೇಕಾದರೆ ಬಲಗಾಲಿಗೆ ವೇಗ ಹೆಚ್ಚಿಸುವುದು. ತಿರುಗುವಾಗ ಹೋಲಿಕೆಯನ್ನು ನಿಲ್ಲಿಸಿ, ತಿರುಗಿದ ಬಳಿಕ ಎರಡು ಲೆಕ್ಕವನ್ನೂ ಸೊನ್ನೆಯಿಂದ ಆರಂಭಿಸಬೇಕು. ಮರೆತರೆ ಬಂಡಿ ಮತ್ತೆ ಹಳೆಯ ದಿಕ್ಕಿಗೇ ಹೊರಳುತ್ತದೆ. ನಮ್ಮ ಹುಡುಗರು ಒಂದು ಮಧ್ಯಾಹ್ನವೆಲ್ಲ ಇದರಲ್ಲಿಯೇ ಕಳೆದರು. ಸಂದೇಶ ತಪ್ಪಿದರೆ ಬಂಡಿ ತಾನೇ ನಿಲ್ಲುವಂತೆ ಮಾಡುವುದನ್ನು ಬಿಡಕೂಡದು.

ಶಾಲೆಯ ಸಿಮೆಂಟು ನೆಲದಲ್ಲಿ ಬಂಡಿ ಗೆರೆ ಎಳೆದಂತೆ ಹೋಯಿತು. ಎರೆಯ ಹೊಲದಲ್ಲಿ ಹೋಗಲಿಲ್ಲ! ಸಡಿಲ ಮಣ್ಣಿನಲ್ಲಿ ಗಾಲಿ ಜಾರಿದರೂ ಸುತ್ತಿನ ಲೆಕ್ಕ ಏರುತ್ತಲೇ ಇರುತ್ತದೆ; ಲೆಕ್ಕವೇ ಸುಳ್ಳಾಗುತ್ತದೆ. ಅಲ್ಲಿ ಬಂಡಿಯ ಮುಖ ತಿರುಗಿದ್ದನ್ನೇ ಅಳೆಯುವ ಗೈರೋಸ್ಕೋಪು ಬೇಕು. ನಮ್ಮ ಮುಂದಿನ ಪಾಠ ಅದೇ. ಔಷಧಿಯ ಡಬ್ಬಿ ಹೊರುವ ಬಂಡಿಗೆ ಇನ್ನೂ ದೂರವಿದೆ. ಅಲ್ಲಿಯವರೆಗೆ ಮುಖಕ್ಕೆ ಬಟ್ಟೆ, ಕೈಗೆ ಚೀಲ ತಪ್ಪಿಸದಿರಿ, ಗಾಳಿಗೆ ಎದುರಾಗಿ ಹೊಡೆಯದಿರಿ. ಮಕ್ಕಳ ಕೈಗೆ ಈ ಬಂಡಿಯನ್ನು ಮಾತ್ರ ಕೊಟ್ಟು ನೋಡಿರಿ.