ಎಣಿಸಿದರು, ಉಳಿಸಿದರು

ಆಸ್ಪತ್ರೆ ದೂರ ಇರುವ ಊರಲ್ಲಿ ಹಸುಗೂಸುಗಳು ಹೆಚ್ಚು ಸಾಯುತ್ತವೆ. ಇದು ಹಣೆಬರಹವೇ? ಅಲ್ಲ.

ಮಹಾರಾಷ್ಟ್ರದಲ್ಲಿ ಗಡಚಿರೋಲಿ ಎಂಬ ಕಾಡಿನ ಜಿಲ್ಲೆ ಇದೆ. ಅಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಮಕ್ಕಳ ಹುಟ್ಟು ಸಾವು ಬರೆಸಿದರು. 1995ರಿಂದ 39 ಹಳ್ಳಿಗಳಲ್ಲಿ ಆಯಾ ಊರಿನ ಹೆಂಗಸರಿಗೇ ತರಬೇತಿ ಕೊಟ್ಟರು. ಅವರು ಮನೆಗೇ ಹೋಗಿ ಕೂಸಿನ ತೂಕ ನೋಡಿದರು. ಬೆಚ್ಚಗಿಡಲು ಕಲಿಸಿದರು. ಕಾಯಿಲೆಗೆ ಔಷಧ ಕೊಟ್ಟರು. ಮೂರೇ ವರ್ಷದಲ್ಲಿ ಸಾವು ಅರ್ಧಕ್ಕಿಂತ ಕಡಿಮೆ ಆಯ್ತು.

ಈ ಲೆಕ್ಕವನ್ನು ಸರ್ಕಾರ ಒಪ್ಪಿತು. 2011ರಲ್ಲಿ ದೇಶಕ್ಕೆಲ್ಲ ನಿಯಮ ಬಂತು. ಆಸ್ಪತ್ರೆಯಲ್ಲಿ ಹೆರಿಗೆ ಆದರೂ ಆಶಾ ಕಾರ್ಯಕರ್ತೆ 42 ದಿನದೊಳಗೆ 6 ಸಲ ಮನೆಗೆ ಬರಬೇಕು. ಮನೆಯಲ್ಲೇ ಆದರೆ 7 ಸಲ.

ನಮ್ಮ ಕೇರಿಗೂ ಬರ್ತಾರಾ? ಎಣಿಸೋಣ. ಬರೆದಿಡೋಣ. ಬರದಿದ್ದರೆ ಗ್ರಾಮಸಭೆಯಲ್ಲಿ ಕೇಳೋಣ.