ಗದ್ದೆ, ಬೆಳ್ಳಕ್ಕಿ ಮತ್ತು ಕಾವಲು ಹಂದಿ

ಮಕ್ಕಳೇ, ನೀವು ಹೊನ್ನಾಳಿ ಅಥವಾ ನ್ಯಾಮತಿ ಕಡೆಯವರಾದರೆ ನಾಟಿ ಮಾಡಿದ ಭತ್ತದ ಗದ್ದೆಗಳನ್ನು ಚೆನ್ನಾಗಿ ಬಲ್ಲಿರಿ. ಚನ್ನಗಿರಿಯವರಿಗೆ ಭದ್ರಾ ನಾಲೆ, ಶಾಂತಿಸಾಗರದ ನೀರು ಹೊಸದಲ್ಲ. ಗದ್ದೆಯ ಬದುವಿನ ಮೇಲೆ ಬೆಳ್ಳಕ್ಕಿಗಳು ನಿಂತಿರುತ್ತವೆ. ಊರಂಚಿನಲ್ಲಿ ಹಂದಿಗಳು ಮರಿಗಳೊಡನೆ ಮೇಯುತ್ತಿರುತ್ತವೆ. ಜಗಳೂರಿನವರು ಮಾತ್ರ “ನಮ್ಮಲ್ಲಿ ಅಷ್ಟು ನೀರೆಲ್ಲಿದೆ ಸರ್?” ಎಂದು ಕೇಳಬಹುದು. ಆ ಪ್ರಶ್ನೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನೀರು ನಿಂತ ಗದ್ದೆ, ಬೆಳ್ಳಕ್ಕಿ ಮತ್ತು ಹಂದಿ ಈ ಮೂರಕ್ಕೂ ನಂಟು ಬೆಸೆಯುವುದು ಕ್ಯೂಲೆಕ್ಸ್ ಎಂಬ ಸೊಳ್ಳೆ. ಗದ್ದೆಯ ನೀರಿನಲ್ಲಿ ಮೊಟ್ಟೆಯಿಟ್ಟು ಬೆಳೆಯುವ ಇದು ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಇದು ಹೊತ್ತು ತರುವ ಒಂದು ವೈರಸ್‌ಗೆ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಎಂದು ಹೆಸರು. ಚಿಕ್ಕದಾಗಿ ಜೆ.ಇ. ಇದರಿಂದ ಬರುವ ಕಾಯಿಲೆಯನ್ನು ನಮ್ಮಲ್ಲಿ ಮೆದುಳು ಜ್ವರ ಎನ್ನುತ್ತಾರೆ. 1924ರಲ್ಲಿ ಜಪಾನಿನಲ್ಲಿ ಈ ಕಾಯಿಲೆ ಭಾರಿಯಾಗಿ ಹಬ್ಬಿತ್ತು. ನಮ್ಮ ದೇಶದಲ್ಲಿ 1955ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಇದರ ಸುಳಿವು ಸಿಕ್ಕಿತು. 1970ರ ದಶಕದ ಕೊನೆಯಲ್ಲಿ ನಮ್ಮ ಕೋಲಾರ ಜಿಲ್ಲೆ ಇದರಿಂದ ನಲುಗಿತು. 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುತೇಕರು ನಿಮ್ಮ ವಯಸ್ಸಿನ ಮತ್ತು ನಿಮಗಿಂತ ಚಿಕ್ಕ ಮಕ್ಕಳು.

(2009ರಲ್ಲಿ ‘ಹಂದಿ ಜ್ವರ’ ಎಂದು ಪತ್ರಿಕೆಗಳಲ್ಲಿ ಬಂದದ್ದು ಬೇರೆಯೇ ವೈರಸ್. ಅದು ಕೆಮ್ಮು, ಸೀನಿನಿಂದ ಮನುಷ್ಯರಿಂದ ಮನುಷ್ಯರಿಗೆ ಹರಡಿತು. ಎರಡನ್ನೂ ಬೆರೆಸಬೇಡಿ.)

ಜೆ.ಇ. ವೈರಸ್ ಬೆಳ್ಳಕ್ಕಿ, ಕೊಕ್ಕರೆಗಳ ರಕ್ತದಲ್ಲಿ ಅವುಗಳಿಗೆ ತೊಂದರೆ ಕೊಡದೆ ಇರುತ್ತದೆ. ಹಕ್ಕಿಯನ್ನು ಕಚ್ಚಿದ ಸೊಳ್ಳೆಯ ದೇಹದಲ್ಲಿ ಅದು ಒಂದೆರಡು ವಾರ ಬೆಳೆದು ಜೊಲ್ಲಿಗೆ ಬರುತ್ತದೆ. ಆಮೇಲೆ ಆ ಸೊಳ್ಳೆ ಹಂದಿಯನ್ನು ಕಚ್ಚಿದರೆ ಹಂದಿಯ ರಕ್ತದಲ್ಲಿ ಎರಡರಿಂದ ನಾಲ್ಕು ದಿನ ವೈರಸ್ ವಿಪರೀತವಾಗಿ ಹೆಚ್ಚುತ್ತದೆ. ಆ ದಿನಗಳಲ್ಲಿ ಅದನ್ನು ಕಚ್ಚುವ ಇತರ ಸೊಳ್ಳೆಗಳಿಗೂ ವೈರಸ್ ಅಂಟುತ್ತದೆ.

ಈ ಸೊಳ್ಳೆ ದನಗಳನ್ನೂ ಕಚ್ಚುತ್ತದೆ, ಹಂದಿಗಿಂತ ಹೆಚ್ಚಾಗಿಯೇ ಕಚ್ಚುತ್ತದೆ. ಆದರೆ ದನದ ರಕ್ತದಲ್ಲಿ ವೈರಸ್ ಇನ್ನೊಂದು ಸೊಳ್ಳೆಗೆ ಅಂಟುವಷ್ಟು ಹೆಚ್ಚುವುದಿಲ್ಲ. ಹದವಾದ ಮಣ್ಣಿಗೆ ಬಿದ್ದ ಬೀಜಕ್ಕೂ ಬಂಡೆಯ ಮೇಲೆ ಬಿದ್ದ ಬೀಜಕ್ಕೂ ಇರುವಷ್ಟು ವ್ಯತ್ಯಾಸ. ಮನುಷ್ಯರೂ ಈ ವೈರಸ್‌ಗೆ ಬಂಡೆಯೇ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ವೈರಸ್ ಹೊಕ್ಕ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ತೀವ್ರವಾಗುತ್ತದೆ. ಆದರೆ ಹಾಗೆ ತೀವ್ರವಾದವರಲ್ಲಿ ನೂರಕ್ಕೆ ಮೂವತ್ತರವರೆಗೆ ಸಾಯಬಹುದು. ಉಳಿದವರಲ್ಲಿ ಹಲವರಿಗೆ ಕೈಕಾಲು ಅಥವಾ ಮಾತಿನ ತೊಂದರೆ ಜೀವನಪೂರ್ತಿ ಉಳಿಯುತ್ತದೆ.

ಹಂದಿಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಹಾಕುತ್ತದೆ. ಹಂದಿ ಒಂದೇ ಸೂಲಿಗೆ ಎಂಟು ಹತ್ತು ಮರಿ ಹಾಕಬಲ್ಲದು. ವೈರಸ್‌ನ ಪರಿಚಯವೇ ಇಲ್ಲದ ಹೊಸ ಮರಿಗಳು ಸದಾ ಹಿಂಡಿಗೆ ಸೇರುತ್ತಲೇ ಇರುತ್ತವೆ.

ಸೋಂಕು ತಗುಲಿದ ಹಂದಿ ಹೇಗಿರುತ್ತದೆ? ಸಾಮಾನ್ಯವಾಗಿ ಆರಾಮಾಗಿಯೇ ಇರುತ್ತದೆ! ಗಬ್ಬದ ಹಂದಿಯಾದರೆ ಸತ್ತ ಮರಿಗಳನ್ನು ಹಾಕಬಹುದು. 2022ರಲ್ಲಿ ಆಸ್ಟ್ರೇಲಿಯಾದ ಹಂದಿ ಸಾಕಣೆ ಕೇಂದ್ರಗಳಲ್ಲಿ ಸತ್ತ ಮರಿಗಳು ಹುಟ್ಟತೊಡಗಿದಾಗಲೇ ಅಲ್ಲಿ ವೈರಸ್ ಹಬ್ಬಿರುವುದು ಗೊತ್ತಾಯಿತು. ಹೀಗೆ ಹೊರಗೆ ಏನೂ ಕಾಣದ ಸೋಂಕನ್ನು ಪತ್ತೆ ಮಾಡುವುದು ಹೇಗೆ?

ವೈರಸ್ ಮೈಯೊಳಗೆ ಬಂದರೆ ದೇಹವು ಅದರೊಡನೆ ಹೋರಾಡಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಇದಕ್ಕೆ ಸುಮಾರು ಒಂದು ವಾರ ಬೇಕು. ವೈರಸ್ ಹೋದಮೇಲೂ ಪ್ರತಿಕಾಯಗಳು ರಕ್ತದಲ್ಲಿ ಉಳಿಯುತ್ತವೆ. ಪ್ರಯೋಗಾಲಯದಲ್ಲಿ ಅಳಗುಳಿ ಮಣೆಯ ಹಾಗೆ 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಹಂದಿಯ ರಕ್ತಸಾರ ಹಾಕಿ ಪರೀಕ್ಷಿಸುತ್ತಾರೆ. ಪ್ರತಿಕಾಯ ಇರುವ ಗುಳಿಯಲ್ಲಿ ಬಣ್ಣ ಬರುತ್ತದೆ. ಈ ಪರೀಕ್ಷೆಗೆ ಎಲೈಸಾ ಎಂದು ಹೆಸರು.

ಯಾವ ಹಂದಿಯ ರಕ್ತ ತೆಗೆಯಬೇಕು? ಇಲ್ಲೇ ಜಾಣತನ ಇರುವುದು. ಮೂರು ವರ್ಷದ ಹಂದಿಯಲ್ಲಿ ಪ್ರತಿಕಾಯ ಸಿಕ್ಕರೆ ವೈರಸ್ ಈ ವರ್ಷ ಬಂತೋ, ಎರಡು ವರ್ಷದ ಹಿಂದೆ ಬಂದಿತ್ತೋ ಹೇಳಲಾಗದು. ಹಾಲು ಕುಡಿಯುವ ಮರಿಯಲ್ಲಿ ಸಿಕ್ಕರೆ ಅದು ತಾಯಿಯ ಹಾಲಿನಿಂದ ಬಂದದ್ದಿರಬಹುದು. ಆದ್ದರಿಂದ ತಾಯಿಯ ಪ್ರತಿಕಾಯಗಳು ಕರಗಿದ, ಕೆಲವೇ ತಿಂಗಳ ಹರೆಯದ ಹಂದಿಗಳನ್ನು ಆರಿಸುತ್ತಾರೆ. ಮೊದಲು ರಕ್ತ ಪರೀಕ್ಷಿಸಿ, ಪ್ರತಿಕಾಯ ಇಲ್ಲವೆಂದು ಖಚಿತ ಮಾಡಿಕೊಂಡು, ಕಿವಿಗೆ ಸಂಖ್ಯೆಯ ಬಿಲ್ಲೆ ಹಾಕುತ್ತಾರೆ. ನಂತರ ಅದೇ ಹಂದಿಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಇವೇ ಕಾವಲು ಹಂದಿಗಳು. ಹೊಸದಾಗಿ ಪ್ರತಿಕಾಯ ಕಂಡರೆ ವೈರಸ್ ಇದೇ ಹಂಗಾಮಿನಲ್ಲಿ ಊರಿಗೆ ಬಂದಿದೆ ಎಂದರ್ಥ.

ಜಪಾನ್ 1965ರಿಂದ ಪ್ರತಿ ಬೇಸಿಗೆಯಲ್ಲಿ ಕಸಾಯಿಖಾನೆಗೆ ಬರುವ ಎಳೆಯ ಹಂದಿಗಳ ರಕ್ತವನ್ನು ಹೀಗೆಯೇ ಪರೀಕ್ಷಿಸುತ್ತ ಬಂದಿದೆ. ನಮ್ಮ ರಾಜ್ಯದ ಕೋಲಾರ ಮತ್ತು ಮಂಡ್ಯ ಜಿಲ್ಲೆಗಳಲ್ಲಿ 1985ರಿಂದ 1987ರವರೆಗೆ ವಿಜ್ಞಾನಿಗಳು ಸೊಳ್ಳೆ ಹಿಡಿದು ವೈರಸ್ ಹುಡುಕಿದರು. ಮಂಡ್ಯದ ನಾಲೆ ಬಯಲಿನಲ್ಲಿ ಕಾವಲು ಹಂದಿಗಳನ್ನೂ ಇಟ್ಟು ನೋಡಿದರು. ದೇಶದ ಪಶುರೋಗಗಳು ಎಲ್ಲಿ, ಯಾವಾಗ ಹರಡುತ್ತವೆ ಎಂದು ಲೆಕ್ಕ ಇಡುವ ‘ನಿವೇದಿ’ ಎಂಬ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಯಲಹಂಕದಲ್ಲಿದೆ.

ಈಗ ಜಗಳೂರಿನವರ ಪ್ರಶ್ನೆಗೆ ಬರೋಣ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕಾವಲು ಹಂದಿಗಳನ್ನು ಎಲ್ಲಿ ಇಡುವಿರಿ? ಭತ್ತದ ಗದ್ದೆಗಳ ಪಕ್ಕದ ಊರುಗಳಲ್ಲಿ ಎಂದು ನೀವು ಹೇಳುವಿರಿ. ಸರಿ. ಆದರೆ ಜಗಳೂರಿನ ಬಯಲು ಸೀಮೆಯಲ್ಲೂ ಕೆಲವನ್ನು ಇಡಬೇಕು. ಹೋಲಿಸಿ ನೋಡದೆ ಗದ್ದೆಯ ನೀರೇ ಕಾರಣ ಎನ್ನುವುದು ಹೇಗೆ? ಮಳೆ ಹೆಚ್ಚಾದ ವರ್ಷ ಅಲ್ಲಿಯೂ ಕೆರೆ ತುಂಬಿ ನೀರು ನಿಲ್ಲುತ್ತದೆ.

ಈ ಕೆಲಸ ಹಂದಿ ಸಾಕುವವರ ನೆರವಿಲ್ಲದೆ ನಡೆಯದು. ಯಾವ ಹಂದಿ ಯಾವಾಗ ಮರಿ ಹಾಕಿತು, ಎಷ್ಟು ಮರಿ ಸತ್ತವು ಎಂಬುದು ಅವರಿಗೇ ಗೊತ್ತು. ಇಂಥ ಮನೆಯ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಈ ಪಾಠ ಹಿಡಿದು ಅವರನ್ನು ಛೇಡಿಸಬಾರದು, ಅವರನ್ನು ಕೇಳಿ ಕಲಿಯಬೇಕು. ಹಂದಿಯನ್ನು ಮುಟ್ಟುವುದರಿಂದಾಗಲಿ, ಬೇಯಿಸಿದ ಮಾಂಸ ತಿನ್ನುವುದರಿಂದಾಗಲಿ ಜೆ.ಇ. ಬರುವುದಿಲ್ಲ.

ಮಕ್ಕಳಿಗೆ ಇದರ ಲಸಿಕೆ ಇದೆ. 2006ರಲ್ಲಿ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ ಕೆಲವು ಜಿಲ್ಲೆಗಳಲ್ಲಿ ಲಸಿಕೆ ಅಭಿಯಾನ ಶುರುವಾಯಿತು. 2022ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಇನ್ನೂ ಹಲವು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಹಾಕಿದರು. ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು ನಿಮಗೆ, ನಿಮ್ಮ ತಮ್ಮ ತಂಗಿಯರಿಗೆ ‘ಜೆ.ಇ.’ ಲಸಿಕೆ ಆಗಿದೆಯೇ ನೋಡಿ. ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೊನೆಗೆ ಒಂದು ಲೆಕ್ಕ. ಹೊನ್ನಾಳಿ ತಾಲ್ಲೂಕಿನ ಒಂದು ಊರಿನಲ್ಲಿ 10 ಕಾವಲು ಹಂದಿಗಳಿವೆ ಎಂದಿಟ್ಟುಕೊಳ್ಳೋಣ. ಆಗಸ್ಟ್ 1ರ ಪರೀಕ್ಷೆಯಲ್ಲಿ ಯಾವುದರಲ್ಲೂ ಪ್ರತಿಕಾಯ ಇಲ್ಲ. ಆಗಸ್ಟ್ 15ರಂದು ಒಂದರಲ್ಲಿ ಇದೆ. ಸೆಪ್ಟೆಂಬರ್ 1ರಂದು ಏಳರಲ್ಲಿ ಇದೆ. ಆ ಮೊದಲ ಹಂದಿಗೆ ಸೋಂಕಿನ ಸೊಳ್ಳೆ ಕಚ್ಚಿದ್ದು ಯಾವಾಗ? ‘ಆಗಸ್ಟ್ 1ರ ನಂತರ’ ಎಂದು ಬರೆದವರು ಇನ್ನೊಮ್ಮೆ ಯೋಚಿಸಿ. ಪ್ರತಿಕಾಯ ಬೆಳೆಯಲು ಒಂದು ವಾರ ಬೇಕಲ್ಲವೇ? ಜುಲೈ 28ಕ್ಕೇ ಸೊಳ್ಳೆ ಕಚ್ಚಿದ್ದರೂ ಆಗಸ್ಟ್ 1ರಂದು ಗುಳಿಯಲ್ಲಿ ಬಣ್ಣ ಬರುತ್ತಿರಲಿಲ್ಲ.