ಭದ್ರತಾ ಮಂಡಳಿಯ ನೇರಪ್ರಸಾರ ನೋಡುವುದು ಹೇಗೆ?

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಹಿರಂಗ ಸಭೆಗಳನ್ನು ‘ಯುಎನ್ ವೆಬ್ ಟಿವಿ’ಯಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10ಕ್ಕೆ ಶುರುವಾಗುವ ಸಭೆ ನಮಗೆ ಅಲ್ಲಿನ ಬೇಸಿಗೆಯಲ್ಲಿ ಸಂಜೆ 7.30ಕ್ಕೆ, ಚಳಿಗಾಲದಲ್ಲಿ ರಾತ್ರಿ 8.30ಕ್ಕೆ ಸಿಗುತ್ತದೆ. ಮೊದಲ ಸಲ ನೋಡುವವರಿಗೆ ಅದು ಬರೀ ಭಾಷಣಗಳ ಸಾಲಿನಂತೆ ಕಂಡೀತು. ಏನನ್ನು ಗಮನಿಸಬೇಕೆಂದು ತಿಳಿದರೆ ಬೇಸರವಾಗದು.

ಮೊದಲು ಕೂತವರನ್ನು ಗುರುತಿಸಿಕೊಳ್ಳಿ. ಲಾಳದ ಆಕಾರದ ಮೇಜಿನ ಸುತ್ತ 15 ಸದಸ್ಯ ದೇಶಗಳು. ಚೀನಾ, ಫ್ರಾನ್ಸ್, ರಷ್ಯಾ, ಬ್ರಿಟನ್, ಅಮೆರಿಕ ಕಾಯಂ ಸದಸ್ಯರು. ಉಳಿದ 10 ದೇಶಗಳು ಎರಡು ವರ್ಷಕ್ಕೆ ಆರಿಸಿ ಬಂದವು. ಅಧ್ಯಕ್ಷತೆ ತಿಂಗಳಿಗೊಮ್ಮೆ ಸರದಿಯಂತೆ ಬದಲಾಗುತ್ತದೆ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಅಧ್ಯಕ್ಷರಾಗಿದ್ದವರು ಭಾರತದ ಪ್ರತಿನಿಧಿ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್.

ಎರಡನೆಯದು, ದನಿ. ಅಧಿಕೃತ ಭಾಷೆಗಳು ಆರು. ರಷ್ಯಾದ ರಾಯಭಾರಿಯ ಮಾತನ್ನು ನೀವು ಇಂಗ್ಲಿಷಿನಲ್ಲಿ ಕೇಳುತ್ತಿದ್ದರೆ ಆ ದನಿ ದುಭಾಷಿಯದು. ಆ ದನಿ ಶಾಂತವಾಗಿದೆಯೆಂದು ಆಡಿದವರೂ ಶಾಂತರಾಗಿದ್ದಾರೆ ಅಂದುಕೊಳ್ಳಬೇಡಿ. ಅನುಮಾನ ಬಂದರೆ ಮೂಲ ಧ್ವನಿಗೆ ಬದಲಾಯಿಸಿ ಒಂದೆರಡು ನಿಮಿಷ ಕೇಳಿ.

ಮೂರನೆಯದು, ಮತದಾನ. ಕೈ ಎತ್ತಿ ಮತ ಹಾಕುತ್ತಾರೆ: ಪರ, ವಿರೋಧ, ಕೊನೆಗೆ ತಟಸ್ಥ. ಮುಖ್ಯ ನಿರ್ಣಯಕ್ಕೆ 9 ಮತ ಬೇಕು, ಜೊತೆಗೆ ಕಾಯಂ ಸದಸ್ಯರಲ್ಲಿ ಒಬ್ಬರೂ ವಿರೋಧಿಸಿರಬಾರದು. 2022ರ ಫೆಬ್ರುವರಿ 25ರಂದು ಉಕ್ರೇನ್ ಕುರಿತ ನಿರ್ಣಯಕ್ಕೆ 11 ಕೈಗಳು ಎದ್ದವು. ವಿರೋಧಿಸಿದ್ದು ರಷ್ಯಾ ಮಾತ್ರ. ಆ ಒಂದೇ ಕೈಯಿಂದ ನಿರ್ಣಯ ಬಿದ್ದುಹೋಯಿತು. ಭಾರತ, ಚೀನಾ, ಯುಎಇ ತಟಸ್ಥವಾಗಿದ್ದವು. ಇಲ್ಲಿಗೇ ಪ್ರಸಾರ ನಿಲ್ಲಿಸಬೇಡಿ. ಮತದಾನದ ಹಿಂದೆಮುಂದೆ ದೇಶಗಳು ತಮ್ಮ ಮತಕ್ಕೆ ಕಾರಣ ಹೇಳುತ್ತವೆ. ರಾಜತಾಂತ್ರಿಕ ಮಾರ್ಗ ಕೈಬಿಟ್ಟದ್ದು ವಿಷಾದಕರ, ಅದಕ್ಕೇ ಮರಳಬೇಕು ಎಂದು ಭಾರತ ಅಂದು ಹೇಳಿತು. ಒಂದೇ ರೀತಿ ಮತ ಹಾಕಿದ ದೇಶಗಳ ಕಾರಣಗಳು ಬೇರೆಬೇರೆ ಇರಬಹುದು. ಪತ್ರಿಕೆಯ ಎರಡು ಸಾಲಿನ ಸುದ್ದಿಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ.

ಕ್ಯಾಮೆರಾಗೆ ಕಾಣದ ಭಾಗವೂ ಇದೆ. ಕರಡಿನ ಮೇಲಿನ ಚೌಕಾಸಿ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಬಹಿರಂಗ ಸಭೆಗೆ ಬರುವುದು ಹೆಚ್ಚಾಗಿ ಬರೆದು ತಂದ ಮಾತು. ಅಪರೂಪಕ್ಕೆ ಆ ಬರಹವೂ ಕೈಕೊಡುತ್ತದೆ. ಉಕ್ರೇನ್ ಕುರಿತ ಆ ಮತದಾನಕ್ಕೆ ಎರಡು ದಿನ ಮುಂಚೆ, 2022ರ ಫೆಬ್ರುವರಿ 23ರ ರಾತ್ರಿ, ಯುದ್ಧ ತಪ್ಪಿಸಲೆಂದು ಸಭೆ ನಡೆಯುತ್ತಿರುವಾಗಲೇ ರಷ್ಯಾದ ಅಧ್ಯಕ್ಷ ಪುಟಿನ್ ಉಕ್ರೇನ್ ಮೇಲೆ ಸೇನಾ ಕಾರ್ಯಾಚರಣೆ ಘೋಷಿಸಿದರು. ಸಭೆಯ ಅಧ್ಯಕ್ಷ ಪೀಠದಲ್ಲಿದ್ದದ್ದು ರಷ್ಯಾದ ರಾಯಭಾರಿಯೇ. ತಾವು ಸಿದ್ಧಪಡಿಸಿದ ಭಾಷಣದ ಬಹುಪಾಲು ಈಗ ವ್ಯರ್ಥ ಎಂದು ಉಕ್ರೇನ್ ರಾಯಭಾರಿ ಅಲ್ಲೇ ಹೇಳಿದರು.

ಹಾಗಾದರೆ ಬರೆದು ತಂದ ಮಾತನ್ನು ಯಾಕೆ ಕೇಳಬೇಕು? ಎಲ್ಲರೆದುರು ಆಡಿದ್ದು ದಾಖಲೆಯಾಗುತ್ತದೆ. ನಾಳೆ ಆ ದೇಶ ಬೇರೆ ರಾಗ ಎಳೆದರೆ ಇಂದಿನ ಮಾತನ್ನು ಅದರ ಮುಂದಿಟ್ಟು ಕೇಳಬಹುದು. ಮತದಾನವಿರುವ ಒಂದು ಸಭೆಯಿಂದ ಶುರುಮಾಡಿ. ಹಾಳೆಯಲ್ಲಿ ಯಾರ ಕೈ ಯಾವಾಗ ಎದ್ದಿತು, ಕಾರಣ ಏನು ಕೊಟ್ಟರು ಎಂದು ಗುರುತು ಹಾಕಿಕೊಳ್ಳಿ. ಅದೇ ವಿಷಯ ಮತ್ತೆ ಸಭೆಗೆ ಬಂದಾಗ ಆ ಹಾಳೆ ತೆರೆದಿಟ್ಟುಕೊಂಡೇ ನೋಡಿ.